ಸಭೆಯಲ್ಲಿ ಸರದಿ

ನಮ್ಮ ವಾಚನಾಲಯದಲ್ಲಿ ಪತ್ರಿಕೆಯೊಂದು, ಓದುಗರು ಹಲವರು. ಸರದಿಯಿದ್ದುದರಿಂದಲೇ ಎಲ್ಲರಿಗೂ ದೊರೆಯುತ್ತದೆ. ಆನ್‌ಲೈನ್ ಸಭೆಯಲ್ಲಿ ಮಾತೂ, ಎಲ್ಲರಿಗೆ ಕಾಣುವ ಪರದೆಯೂ ಅಂತಹವೇ. ಇಬ್ಬರು ಒಮ್ಮೆಲೇ ಹಿಡಿದರೆ ಇಬ್ಬರಿಗೂ ಇಲ್ಲ.

2006ರಲ್ಲಿ ಪ್ರಕಟವಾದ ಬಿಎಫ್‌ಸಿಪಿ ಎಂಬ ನಿಯಮಾವಳಿ ಈ ಹಕ್ಕನ್ನು ‘ಫ್ಲೋರ್’ ಎನ್ನುತ್ತದೆ. ಬೇಕಾದವರು ಕೋರಿಕೆ ಕಳುಹಿಸತಕ್ಕದ್ದು. ಸರ್ವರ್ ಅದನ್ನು ಸಾಲಿನಲ್ಲಿಡುತ್ತದೆ. ಅಧ್ಯಕ್ಷರು ಒಪ್ಪಬಹುದು, ನಿರಾಕರಿಸಬಹುದು. ಕೆಲಸ ಮುಗಿದೊಡನೆ ಹಕ್ಕನ್ನು ಬಿಟ್ಟುಕೊಡಬೇಕು. ಬಿಡದವರಿಂದ ಹಿಂದಕ್ಕೆ ಪಡೆಯಲೂ ಬಹುದು. ಫೋನಿನಲ್ಲಿ ನಾವು ಒತ್ತುವ ‘ಕೈ ಎತ್ತು’ ಗುಂಡಿಯ ತತ್ತ್ವವೂ ಇದೇ.

ಆದರೆ ಯಂತ್ರವು ಸಾಲನ್ನು ಬಲ್ಲದು, ಪಾಳಿಯ ಗಂಟೆಯನ್ನು ಅರಿಯದು. ಕಳೆದ ಸಭೆಯಲ್ಲಿ ಗುಮಾಸ್ತರಾದ ನಾವೇ ಮಾತಾಡುತ್ತ ಕುಳಿತೆವು. ರಾತ್ರಿಪಾಳಿಯ ಬಂಧುವೊಬ್ಬರು ಎತ್ತಿದ ಕೈ ಎತ್ತಿದಂತೆಯೇ ಕೆಲಸಕ್ಕೆ ಹೋದರು. ತಪ್ಪು ನಮ್ಮದು. ಆದುದರಿಂದ ಇನ್ನು ಮೇಲೆ ಪಾಳಿಯವರಿಗೇ ಮೊದಲ ಮಾತು ಸಲ್ಲಲಿ.