ಹಳೆಯ ಚಲನಚಿತ್ರದ ಹೊಸ ಮುದ್ರಿಕೆ: ಒಂದು ಪಾಠವಿಚಾರ

ಮನೆಯಲ್ಲಿ ನೋಡುವ ಡಿ.ವಿ.ಡಿ.ಯಾಗಿಯೋ ಬಣ್ಣ ತುಂಬಿದ ಪ್ರತಿಯಾಗಿಯೋ ಹಳೆಯ ಚಲನಚಿತ್ರವು ಮರಳಿ ಬಂದಾಗ ನೋಡುಗರಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳನ್ನು ಕಾಣುತ್ತೇವೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ವರ್ಣರೂಪ ತಾಳಿದವು. ಹೈದರಾಬಾದಿನ ನಾರಾಯಣಗೂಡದಂಥ ಬಡಾವಣೆಗಳ ಕನ್ನಡಿಗರಿಗೆ ಈ ಚರ್ಚೆ ತೆಲುಗಿನ ಮೂಲಕವೂ ಹತ್ತಿರದ್ದು. 1957ರ ‘ಮಾಯಾಬಜಾರ್’ಗೆ ಬಣ್ಣ ತುಂಬಿ 2010ರಲ್ಲಿ ಬಿಡುಗಡೆ ಮಾಡಿದ್ದು ಅವರ ನಗರದ ಗೋಲ್ಡ್‌ಸ್ಟೋನ್ ಸಂಸ್ಥೆಯೇ.

ಎಳೆಯರಿಗೆ ಬಣ್ಣವು ಹಳೆಯ ಕೃತಿಯ ಹೆಬ್ಬಾಗಿಲು. ಹಿರಿಯರಿಗೆ ಅದು ಮೂಲವನ್ನು ತಿದ್ದಿದಂತೆ. ಹಿರಿಯರ ಆಕ್ಷೇಪವನ್ನು ಬರಿಯ ಹಳಹಳಿಕೆಯೆಂದು ತಳ್ಳಿಹಾಕಲಾಗದು. ‘ಮಾಯಾಬಜಾರ್’ನಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರ ಬೆಳದಿಂಗಳು ಮೂಡಿದ್ದು ಕಪ್ಪು-ಬಿಳುಪಿನ ನಡುವಣ ಛಾಯೆಗಳಿಂದಲೇ.

ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಈ ಸಮಸ್ಯೆ ಹೊಸತಲ್ಲ. ಸಂಪಾದಕನು ಒಂದು ಪಾಠವನ್ನು ಸ್ವೀಕರಿಸಿದರೂ ಬಿಟ್ಟ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ಹೊಸ ಮುದ್ರಿಕೆಯೂ ತಾನು ಯಾವ ಪ್ರತಿಯಿಂದ ಸಿದ್ಧವಾಯಿತು, ಏನನ್ನು ಕತ್ತರಿಸಿತು, ಧ್ವನಿಯನ್ನು ಎಷ್ಟು ಬದಲಿಸಿತು ಎಂಬುದನ್ನು ತಿಳಿಸಿ ಮೂಲರೂಪವನ್ನೂ ಜೊತೆಗಿಡಬೇಕು. ಮೂಲವು ಅಲಭ್ಯವಾದರೆ ಮುಂದಿನ ಪೀಳಿಗೆಗೆ ವರ್ಣರೂಪವೇ ಮೂಲವೆನಿಸುವುದು. ಆಗ ತೌಲನಿಕ ಅಧ್ಯಯನಕ್ಕೆ ಆಧಾರವೇ ಉಳಿಯದು.