ಬ್ರೋಕರ್ ಹೊಸಬರನ್ನು ಒಳಗೆ ಬಿಡದಿದ್ದಾಗ

ತಮ್ಮಾ, ಸಂಡೂರಿನ ಅದಿರು ಲಾರಿಯ ಜಿಪಿಎಸ್ ಇರಲಿ, ಕಂಪ್ಲಿ ಗದ್ದೆಯ ಪಂಪ್‌ಸೆಟ್ ಮೀಟರ್ ಇರಲಿ, ಹೊಳೆಯ ಮಟ್ಟ ಅಳೆಯುವ ಸೆನ್ಸರ್ ಇರಲಿ, ಅವುಗಳ ಸುದ್ದಿ ಮೆಸೇಜ್ ಬ್ರೋಕರ್ ಮೂಲಕ ಹಾಯುವುದಾದರೆ ಅದು ಹೊಸ ಕನೆಕ್ಷನ್ ತೆಗೆದುಕೊಳ್ಳದ ರಾತ್ರಿಯೊಂದು ನಿನ್ನ ಪಾಲಿಗೂ ಬರುತ್ತದೆ. ಡ್ಯಾಮಿನಿಂದ ನೀರು ಬಿಟ್ಟರೆ ಕಂಪ್ಲಿ ಸೇತುವೆಯೂ ಹಂಪಿಯ ಪುರಂದರ ಮಂಟಪವೂ ಮುಳುಗುವ ಸೀಮೆ ನಮ್ಮದು. ಇಲ್ಲಿ ಸುದ್ದಿ ತಡವಾಗಬಾರದು.

• ಕೈ ಮೊದಲು ರೀಸ್ಟಾರ್ಟಿಗೆ ಹೋಗದಿರಲಿ. ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಲಾಗನ್ನೂ ಕನೆಕ್ಷನ್ ಪಟ್ಟಿಯನ್ನೂ ಬೇರೆ ಕಡೆ ಕಾಪಿ ಮಾಡಿಕೋ, ಆಮೇಲೆ ಬೇಕಾದರೆ ಮಾಡು.

• ಎರರ್ ಓದು. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಟ್ಟನೆ ಬಂದರೆ ಬಹುತೇಕ ಆ ಪೋರ್ಟಿನಲ್ಲಿ ಬ್ರೋಕರ್ ಇಲ್ಲ. ಎಂಕ್ಯೂಟಿಟಿಗೆ ರೂಢಿಯ ಪೋರ್ಟ್ 1883, ರ‍್ಯಾಬಿಟ್‌ಎಂಕ್ಯೂಗೆ 5672. ಕಾಯಿಸಿ ಕಾಯಿಸಿ ಟೈಮ್‌ಔಟ್ ಆದರೆ ಫೈರ್‌ವಾಲ್ ನೋಡು.

• ಲಿನಕ್ಸಿನಲ್ಲಿ ಒಂದೊಂದು ಕನೆಕ್ಷನ್ನೂ ಒಂದು ತೆರೆದ ಫೈಲಿನ ಲೆಕ್ಕ. ಒಂದು ಪ್ರೋಸೆಸ್‌ಗೆ ಸಾಮಾನ್ಯವಾಗಿ 1024ರ ಮಿತಿ. ಅದು ತುಂಬಿದ ಮೇಲೆ ಮೆಮೊರಿ ಎಷ್ಟೇ ಖಾಲಿ ಇದ್ದರೂ ಹೊಸಬರಿಗೆ ಜಾಗವಿಲ್ಲ. ಲಾಗಿನಲ್ಲಿ ‘ಟೂ ಮೆನಿ ಓಪನ್ ಫೈಲ್ಸ್’ ಎಂದಿರುತ್ತದೆ. ಟರ್ಮಿನಲ್‌ನಲ್ಲಿ ಯುಲಿಮಿಟ್ ಏರಿಸಿದರೆ ಸಿಸ್ಟಮ್‌ಡಿ ನಡೆಸುವ ಸರ್ವಿಸ್‌ಗೆ ಅದು ತಟ್ಟುವುದಿಲ್ಲ. ಸರ್ವಿಸ್ ಫೈಲಿನಲ್ಲೇ ‘ಲಿಮಿಟ್‌ನೋಫೈಲ್’ ಬದಲಿಸಬೇಕು.

• ಮಿತಿ ಏರಿಸಿ ಮಲಗಿಬಿಡಬೇಡ. ಜಾಗ ಹಿಡಿದವರು ಯಾರೆಂದು ಎಣಿಸು. ನಾನು ಕಂಡಂತೆ ಬಹಳ ಸಲ ಅವು ಸತ್ತ ಕನೆಕ್ಷನ್‌ಗಳು. ಸಂಡೂರಿನ ಗುಡ್ಡದ ತಿರುವಿನಲ್ಲಿ ಲಾರಿಯ ಸಿಗ್ನಲ್ ಹೋಯಿತು, ಹಳ್ಳಿಯಲ್ಲಿ ಕರೆಂಟ್ ಹೋಯಿತು; ಹೇಳದೆ ಹೋದವರು ಇನ್ನೂ ಇದ್ದಾರೆಂದೇ ಬ್ರೋಕರ್ ನಂಬಿರುತ್ತದೆ, ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸೀಟಿಗೆ ಟವೆಲ್ ಹಾಕಿ ಇಳಿದುಹೋದ ಹಾಗೆ. ಲಿನಕ್ಸಿನ ಸ್ವಂತ ಕೀಪ್‌ಅಲೈವ್ ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡಿನ ಮೇಲೆ, ಎರಡು ಗಂಟೆ. ಎಂಕ್ಯೂಟಿಟಿ ಹುಟ್ಟಿದ್ದೇ 1999ರಲ್ಲಿ, ಉಪಗ್ರಹದ ದುಬಾರಿ ಸಂಪರ್ಕದಲ್ಲಿ ತೈಲ ಪೈಪ್‌ಲೈನ್ ಕಾಯಲು. ಅದರದೇ ಕೀಪ್‌ಅಲೈವ್ ಬಳಸು: 60 ಸೆಕೆಂಡ್ ಇಟ್ಟರೆ 90 ಸೆಕೆಂಡ್ ಸದ್ದಿಲ್ಲದ ಡಿವೈಸನ್ನು ಬ್ರೋಕರ್ ಇಳಿಸಿಬಿಡುತ್ತದೆ. ಸೊನ್ನೆ ಇಟ್ಟ ಡಿವೈಸ್ ಕಂಡರೆ ಅವತ್ತೇ ಸರಿಮಾಡು.

• ಒಳಗಿದ್ದವರು ಚೆನ್ನಾಗಿದ್ದು ಹೊಸಬರೆಲ್ಲ ಒಮ್ಮೆಗೇ ಸೋಲುತ್ತಿದ್ದರೆ ಟಿಎಲ್‌ಎಸ್ ಸರ್ಟಿಫಿಕೇಟಿನ ಅವಧಿ ನೋಡು. ಒಂದೇ ಡಿವೈಸ್ ಸೋತರೆ ಅದರ ಗಡಿಯಾರ ನೋಡು. ಬ್ಯಾಟರಿ ಸತ್ತು 1970ಕ್ಕೆ ಹೋಗಿದ್ದರೆ ಅದರ ಲೆಕ್ಕದಲ್ಲಿ ನಿನ್ನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ.

• ಎರಡು ಮೀಟರಿಗೆ ಒಂದೇ ಕ್ಲೈಂಟ್ ಐಡಿ ಕೊಡಬೇಡ. ಒಂದನ್ನೊಂದು ಹೊರದಬ್ಬುತ್ತಲೇ ಇರುತ್ತವೆ.

• ರ‍್ಯಾಬಿಟ್‌ಎಂಕ್ಯೂನಲ್ಲಿ ಡಿಸ್ಕಿನ ಖಾಲಿ ಜಾಗ 50 ಎಂಬಿಗಿಂತ ಇಳಿದರೆ, ಅಥವಾ ಮೆಮೊರಿ ಮಿತಿ ಮೀರಿದರೆ, ಕಳಿಸುವವರನ್ನೆಲ್ಲ ಅದು ತಡೆದು ನಿಲ್ಲಿಸುತ್ತದೆ. ಹೊರಗಿನವರಿಗೆ ಕನೆಕ್ಷನ್ ಕೆಟ್ಟಂತೆ ಕಾಣುತ್ತದೆ. ಆ 50 ತೀರಾ ಕಡಿಮೆ, ಏರಿಸಿಡು.

• ಕರೆಂಟ್ ಬಂದ ಗಳಿಗೆಯಲ್ಲಿ ಡಿವೈಸುಗಳೆಲ್ಲ ಒಟ್ಟಿಗೆ ಮುಗಿಬಿದ್ದರೆ, ಈಗಷ್ಟೇ ಎದ್ದ ಬ್ರೋಕರ್ ಮತ್ತೆ ಬೀಳುತ್ತದೆ. ಮರುಪ್ರಯತ್ನದ ಅಂತರ 1, 2, 4, 8 ಸೆಕೆಂಡ್ ಎಂದು ಹೆಚ್ಚುತ್ತಾ ಹೋಗಲಿ, ಒಂದೊಂದು ಡಿವೈಸಿಗೆ ಅದರ ಮೇಲೆ ಒಂದಿಷ್ಟು ಬೇರೆ ಬೇರೆ ತಡ ಸೇರಿಸು. ಮಳೆಗಾಲ ಹಿಡಿಯುವ ಮುಂಚೆಯೇ ಇದನ್ನು ಮಾಡಿ, ಒಮ್ಮೆ ಬೇಕೆಂದೇ ಬ್ರೋಕರ್ ನಿಲ್ಲಿಸಿ, ಎಲ್ಲರೂ ವಾಪಸು ಬರುತ್ತಾರೋ ಇಲ್ಲವೋ ಎಣಿಸಿ ನೋಡು.