ಸೆಮಿಸ್ಟರ್ ಉಳಿದರೆ ಮಾತ್ರ ದುಡ್ಡು ಉಳಿದಂತೆ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ, ಮಕ್ಕಳನ್ನು ಅಲ್ಲಿಗೆ ಕಳಿಸಲು ಸಿದ್ಧತೆ ನಡೆಸಿರುವ ಬೆಂಗಳೂರಿನ ಮನೆಗಳಲ್ಲೂ ಒಂದು ದುಬಾರಿ ನಿರ್ಧಾರ ವರ್ಷವರ್ಷವೂ ಮರುಕಳಿಸುತ್ತಿದೆ. ಮಗು ಒಂಬತ್ತನೆಯ ತರಗತಿಗೆ ಬಂದೊಡನೆ ಶಾಲೆಯಲ್ಲೇ ಕಾಲೇಜು ಮಟ್ಟದ ಪಾಠ ಓದಿ ಪರೀಕ್ಷೆ ಬರೆಯುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಕೋರ್ಸುಗಳ ಓಟ ಶುರುವಾಗುತ್ತದೆ. ಹನ್ನೆರಡನೆಯ ತರಗತಿ ಮುಗಿಯುವ ಹೊತ್ತಿಗೆ ಎಂಟೋ ಹತ್ತೋ ಪರೀಕ್ಷೆ ಆಗಿರುತ್ತದೆ. ಕಾಲೇಜಿನ ಒಂದು ವರ್ಷ ಇಲ್ಲೇ ಮುಗಿದಂತೆ, ಅಷ್ಟು ಫೀಸು ಉಳಿದಂತೆ ಎಂಬ ನೆಮ್ಮದಿಯಲ್ಲಿ ತಂದೆತಾಯಿ ಇರುತ್ತಾರೆ. ಆಮೇಲೆ ಕಾಲೇಜು ಆರಿಸಬೇಕಾದ ಮೇ 1ರ ಗಡುವು ಬರುತ್ತದೆ. ಕೈಯಲ್ಲಿರುವ ಪ್ರವೇಶಪತ್ರಗಳಲ್ಲಿ ಯಾವುದರ ಹೆಸರು ದೊಡ್ಡದೋ ಅಲ್ಲಿಗೆ ಡಿಪಾಸಿಟ್ ಕಟ್ಟುತ್ತಾರೆ. ನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ ಕ್ರೆಡಿಟ್ ಅಲ್ಲಿ ನಡೆಯುತ್ತದೆಯೇ, ನಡೆದರೂ ಪದವಿಯನ್ನು ಒಂದು ದಿನವಾದರೂ ಹತ್ತಿರ ತರುತ್ತದೆಯೇ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಬೇಗ ಮುಗಿಸಿ ದುಡ್ಡು ಉಳಿಸಲು ಹೊರಟ ಕುಟುಂಬ ಪೂರ್ತಿ ನಾಲ್ಕು ವರ್ಷದ ಫೀಸು ಕಟ್ಟುತ್ತದೆ. ಮೊದಲೇ ಗಳಿಸಿದ ಕ್ರೆಡಿಟ್ ನಿಜಕ್ಕೂ ಒಳ್ಳೆಯ ಉಳಿತಾಯವೆಂದು ನಾನು ನಂಬುತ್ತೇನೆ. ಆದರೆ ಅದು ಇಡೀ ಒಂದು ಸೆಮಿಸ್ಟರನ್ನು ಅಳಿಸಿದಾಗ ಮಾತ್ರ ದುಡ್ಡಾಗುತ್ತದೆ. ಅಳಿಸದಿದ್ದರೆ ಅಂಕಪಟ್ಟಿಯ ಮೇಲೊಂದು ಸಾಲಾಗಿ ಉಳಿಯುತ್ತದೆ, ಅಷ್ಟೆ.

ಈ ನಿರ್ಧಾರ ಕೆಡುವುದು ಅನುಕ್ರಮದಲ್ಲಿ. ಯಾವ ಪರೀಕ್ಷೆ ಎಂಬುದು ಮೊದಲು ತೀರ್ಮಾನವಾಗುತ್ತದೆ, ಯಾವ ಕಾಲೇಜು ಎಂಬುದು ಕೊನೆಗೆ. ಕ್ರೆಡಿಟ್ ಕೊಡುವುದು ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಅಲ್ಲ, ವಿಶ್ವವಿದ್ಯಾಲಯ. ಒಂದೊಂದರ ನಿಯಮವೂ ಬೇರೆ. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಡಾರ್ಟ್‌ಮತ್ 2014ರಲ್ಲಿ ಸೇರಿದ ತಂಡದಿಂದಲೇ ನಿಲ್ಲಿಸಿತು. ಒಳ್ಳೆಯ ಅಂಕವಿದ್ದರೆ ಮೇಲಿನ ಕೋರ್ಸಿಗೆ ಕೂರಿಸುತ್ತದೆ, ಪದವಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೆಕ್ಸಸ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ 5ರಲ್ಲಿ 3 ಅಂಕಕ್ಕೂ ಕ್ರೆಡಿಟ್ ಕೊಡಬೇಕೆಂದು 2015ರಲ್ಲಿ ಕಾನೂನೇ ಆಯಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳು 3 ಅಥವಾ ಹೆಚ್ಚು ಬಂದ ಎಪಿಗಳಿಗೆ ಯೂನಿಟ್ ಕೊಡುತ್ತವೆ, ಆದರೆ ಅದು ಮೇಜರ್‌ಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಸಲ್ಲುತ್ತದೆಯೇ ಎಂಬುದನ್ನು ಆಯಾ ಕ್ಯಾಂಪಸ್ಸು, ಆಯಾ ವಿಭಾಗ ಹೇಳಬೇಕು. ಅಂದರೆ ಒಂದೇ ಮಗುವಿನ ಒಂದೇ ಅಂಕಪಟ್ಟಿಗೆ ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಂದು ಬೆಲೆ, ಕ್ಯಾಲ್‌ಟೆಕ್‌ನಲ್ಲಿ ಸೊನ್ನೆ. ಬೆಂಗಳೂರಿನಿಂದ ಹೋಗುವವರಿಗೂ ಇದೇ ಮಾತು. ಐಬಿಯ ಹೈಯರ್ ಲೆವೆಲ್, ಎ ಲೆವೆಲ್‌ಗಳಿಗೆ ಬಹಳ ಕಡೆ ಕ್ರೆಡಿಟ್ ಉಂಟು. ಪಿಯುಸಿಗೂ ಸಿಬಿಎಸ್‌ಇ ಹನ್ನೆರಡಕ್ಕೂ ಸಾಮಾನ್ಯವಾಗಿ ಇಲ್ಲ.

ಈಗ ಲೆಕ್ಕ. ಪದವಿಗೆ 120 ಕ್ರೆಡಿಟ್, ಸೆಮಿಸ್ಟರಿಗೆ 15ರಂತೆ ಎಂಟು ಸೆಮಿಸ್ಟರ್. ಅನೇಕ ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ ಫೀಸು ಸಪಾಟು: 12 ಕ್ರೆಡಿಟ್ ತೆಗೆದುಕೊಂಡರೂ ಅಷ್ಟೇ, 18 ತೆಗೆದುಕೊಂಡರೂ ಅಷ್ಟೇ. ಹೀಗಿರುವಾಗ ಒಂದು ಎಪಿ ಮೂರು ಕ್ರೆಡಿಟ್ ತಂದರೆ ಉಳಿದದ್ದೆಷ್ಟು? ಏನೂ ಇಲ್ಲ. ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ 15ರ ಬದಲು 12 ಓದುತ್ತಾನೆ, ಕಟ್ಟುವುದು ಅದೇ ಫೀಸು. ಉಳಿತಾಯ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. 30 ಕ್ರೆಡಿಟ್ ಹಿಡಿದು ಹೋದರೆ ಉಳಿದ 90 ಆರು ಸೆಮಿಸ್ಟರಿಗೆ ಹಂಚಿಕೆಯಾಗಿ 15ರಂತೆ ಬೀಳುತ್ತದೆ. ಮೂರು ವರ್ಷದಲ್ಲಿ ಆರಾಮಾಗಿ ಮುಗಿಯುತ್ತದೆ. 24 ಇದ್ದರೆ ಆರಕ್ಕೆ 16ರಂತೆ, ಅದೂ ಸಾಧ್ಯ. 18 ಇದ್ದರೆ 17ರಂತೆ. ಲ್ಯಾಬ್ ಇರುವ ಮೇಜರ್‌ನಲ್ಲಿ ಕಷ್ಟ. 12 ಇದ್ದರೆ ಪ್ರತಿ ಸೆಮಿಸ್ಟರಿಗೂ 18. ಅದನ್ನು ಮಗುವಿನ ಮೇಲೆ ಹೇರಬಾರದು. ಆದರೆ ಅದೇ 12 ಇದ್ದವನು ಏಳು ಸೆಮಿಸ್ಟರಿಗೆ ಹಂಚಿಕೊಂಡರೆ ಸರಾಸರಿ 15.4, ಅಂದರೆ ಅರ್ಧ ವರ್ಷ ಖಂಡಿತ ಉಳಿಯುತ್ತದೆ. ಹಾಗಾಗಿ ಗುರಿ ಎರಡೇ. ಅರ್ಧ ವರ್ಷ ಉಳಿಸಬೇಕೆಂದರೆ 12ರಿಂದ 15, ಒಂದು ವರ್ಷ ಉಳಿಸಬೇಕೆಂದರೆ 24ರಿಂದ 30. ಈ ಎರಡರ ನಡುವೆ ಗಳಿಸಿದ ಹೆಚ್ಚುವರಿ ಕ್ರೆಡಿಟ್ ಸಾಮಾನ್ಯವಾಗಿ ದುಡ್ಡಾಗದೆ ಬಿದ್ದಿರುತ್ತದೆ. ಕ್ರೆಡಿಟ್ ಲೆಕ್ಕದಲ್ಲಿ ಫೀಸು ಹಾಕುವ ಕಾಲೇಜುಗಳಲ್ಲಿ ಮಾತ್ರ ಒಂದೊಂದು ಕ್ರೆಡಿಟ್ಟೂ ನೇರ ಉಳಿತಾಯ. ನಿಮ್ಮದು ಯಾವ ಬಗೆಯದೆಂದು ಶುಲ್ಕದ ಪುಟ ತೆರೆದು ನೋಡಿ.

ಸಂಖ್ಯೆ ಕೂಡಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಬೀಗವಿದೆ, ಅದು ಒಂದು ಕೋರ್ಸ್ ಮುಗಿಸದೆ ಮುಂದಿನದಕ್ಕೆ ಬಿಡದ ಪ್ರಿರಿಕ್ವಿಸಿಟ್ ಸರಪಳಿ. ಮೊದಲ ಸೆಮಿಸ್ಟರಿನಲ್ಲಿ ಡಿಗ್ರಿ ಆಡಿಟ್, ಅಂದರೆ ಪದವಿಗೆ ಏನು ಮುಗಿದಿದೆ, ಏನು ಬಾಕಿಯಿದೆ ಎಂದು ತೋರಿಸುವ ಪಟ್ಟಿ, ತೆರೆದು ನೋಡಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ಮೇಲ್ಗಡೆ, ಗಳಿಸಿದ ಕ್ರೆಡಿಟ್ 36 ಎಂದು ದೊಡ್ಡದಾಗಿ ಇರುತ್ತದೆ. ಕೆಳಗೆ ಇಳಿಯುತ್ತ ಹೋದರೆ ಸೈಕಾಲಜಿ, ಹ್ಯೂಮನ್ ಜಿಯಾಗ್ರಫಿ, ಎನ್ವಿರಾನ್‌ಮೆಂಟಲ್ ಸೈನ್ಸ್ ಎಲ್ಲವೂ ಫ್ರೀ ಎಲೆಕ್ಟಿವ್ ಎಂಬ ತಳದ ಕೋಷ್ಟಕದಲ್ಲಿ ಕೂತಿರುತ್ತವೆ. ಆ ಕೋಷ್ಟಕಕ್ಕೆ ಬೇಕಿದ್ದುದು ಒಂಬತ್ತೋ ಹನ್ನೆರಡೋ ಕ್ರೆಡಿಟ್. ಮಿಕ್ಕಿದ್ದು ಎಲ್ಲಿಗೂ ಸೇರದು. ಮೇಜರ್‌ನ ಕೋಷ್ಟಕದಲ್ಲಿ ಮಾತ್ರ ಒಂದೂ ಟಿಕ್ ಬಿದ್ದಿರುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ ಕ್ಯಾಲ್ಕುಲಸ್ ಒಂದಾದ ಮೇಲೆ ಎರಡು, ಅದಾದ ಮೇಲೆ ಡಿಫರೆನ್ಷಿಯಲ್ ಈಕ್ವೇಷನ್, ಅದಾದ ಮೇಲೆಯೇ ಮೇಜರ್‌ನ ಕೋರ್ಸುಗಳು. ಈ ಸರಪಳಿ ಎಂಟು ಸೆಮಿಸ್ಟರ್ ಉದ್ದವಿದ್ದರೆ ನೂರು ಎಲೆಕ್ಟಿವ್ ಇದ್ದರೂ ಆರರಲ್ಲಿ ಮುಗಿಯದು. ಆದ್ದರಿಂದ ಪರೀಕ್ಷೆಯ ಆಯ್ಕೆ ಸರಪಳಿಯ ಮೊದಲ ಕೊಂಡಿಗಳನ್ನು ಕತ್ತರಿಸುವಂತಿರಬೇಕು: ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ, ಕೆಮಿಸ್ಟ್ರಿ, ಕಂಪ್ಯೂಟರ್ ಸೈನ್ಸ್ ಎ. ಇವುಗಳ ಜತೆಗೆ ಎಲ್ಲರೂ ಓದಲೇಬೇಕಾದ ಇಂಗ್ಲಿಷ್ ಬರವಣಿಗೆ, ಅಮೆರಿಕದ ಇತಿಹಾಸ. ಹೀಗೆ ಆರಿಸಿದ ಐದಾರು ಪರೀಕ್ಷೆ ಕೈಗೆ ಸಿಕ್ಕ ಹತ್ತು ಪರೀಕ್ಷೆಗಿಂತ ಹೆಚ್ಚು ಬೆಲೆಬಾಳುತ್ತದೆ. ಇತಿಹಾಸ, ಅರ್ಥಶಾಸ್ತ್ರದಂಥ ಸಾಮಾನ್ಯ ವಿಷಯಗಳಿಗೆ ಕಾಲೇಜ್ ಬೋರ್ಡ್‌ನದೇ ಆದ ಕ್ಲೆಪ್ ಪರೀಕ್ಷೆ ಅಗ್ಗದ ದಾರಿ. ವರ್ಷವಿಡೀ ಬರೆಯಬಹುದು, ಅದರ ಶುಲ್ಕವನ್ನೇ ಭರಿಸುವ ಮಾಡರ್ನ್ ಸ್ಟೇಟ್ಸ್‌ನಂಥ ಲಾಭರಹಿತ ಸಂಸ್ಥೆಯೂ ಇದೆ. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್‌ನಲ್ಲಿ ಹನ್ನೊಂದು ಹನ್ನೆರಡನೆಯ ತರಗತಿಯವರು ಬೋಧನಾ ಶುಲ್ಕವಿಲ್ಲದೆ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಅಸೋಸಿಯೇಟ್ ಡಿಗ್ರಿಯನ್ನೇ ಹಿಡಿದು ಹೊರಬರಬಹುದು. ಸಿಯಾಟಲ್ ಸುತ್ತಮುತ್ತಲ ಕನ್ನಡಿಗರು ಇದನ್ನು ಎಪಿಗಿಂತ ಮೊದಲು ನೋಡಬೇಕು.

ದುಡ್ಡಿನಲ್ಲಿ ಹೇಳುವುದಾದರೆ, ಕಾಲೇಜ್ ಬೋರ್ಡ್ ಪ್ರಕಟಿಸಿದ 2024-25ರ ಸರಾಸರಿಯಂತೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ರಾಜ್ಯದವರಿಗೆ ಫೀಸು 11,610 ಡಾಲರ್, ವಸತಿ ಮತ್ತು ಊಟ 13,310 ಡಾಲರ್. ಒಟ್ಟು ವರ್ಷಕ್ಕೆ 24,920. ಹೊರರಾಜ್ಯದವರಿಗೆ ಫೀಸೇ 30,780 ಆದ್ದರಿಂದ ಒಟ್ಟು 44,090. ಡಾಲರಿಗೆ 85 ರೂಪಾಯಿ ಹಿಡಿದರೆ ಮೊದಲನೆಯದು ಸುಮಾರು 21 ಲಕ್ಷ, ಎರಡನೆಯದು 37 ಲಕ್ಷ. ಇದರ ಎದುರಿಗೆ ಅಮೆರಿಕದೊಳಗೆ ಒಂದು ಎಪಿ ಪರೀಕ್ಷೆಗೆ ಸುಮಾರು 100 ಡಾಲರ್, ಭಾರತದಲ್ಲಿ ಬರೆದರೆ ಇನ್ನೂ ಹೆಚ್ಚು. ಒಂದು ಕುಟುಂಬ ಮಾಡಬಹುದಾದ ಹೂಡಿಕೆಗಳಲ್ಲಿ ಇಷ್ಟು ಪ್ರತಿಫಲ ಕೊಡುವಂಥದ್ದು ಅಪರೂಪ. ಆದರೆ ಉಳಿತಾಯವನ್ನು ಅಳೆಯಬೇಕಾದದ್ದು ನೀವು ನಿಜವಾಗಿ ಕಟ್ಟುವ ಮೊತ್ತದಲ್ಲಿ. ಎಂಟು ಸೆಮಿಸ್ಟರಿಗೆ ಸ್ಕಾಲರ್‌ಷಿಪ್ ಸಿಕ್ಕಿದ್ದರೆ ಬೇಗ ಮುಗಿಸಿದವನು ಕೊನೆಯ ವರ್ಷದ ಆ ನೆರವನ್ನೂ ಬಿಟ್ಟು ಬರುತ್ತಾನೆ. ಆಗ ಉಳಿಯುವುದು ಊಟ ವಸತಿಯ ಖರ್ಚಷ್ಟೇ ಆಗಿರಬಹುದು.

ಇಷ್ಟು ಸರಳವಾದ ವಿಷಯದ ಸುತ್ತ ಬೆಳೆದು ನಿಂತಿರುವ ವ್ಯಾಪಾರವನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹತ್ತು ಎಪಿಗೆ ಒಟ್ಟಾಗಿ ಲಕ್ಷಗಟ್ಟಲೆ ಕೀಳುವ ಪ್ಯಾಕೇಜುಗಳು, ಹೆಸರಾಂತ ಕ್ಯಾಂಪಸ್ಸಿನಲ್ಲಿ ಬೇಸಿಗೆ ಕಳೆಯಲು ಸಾವಿರಾರು ಡಾಲರ್ ಕೇಳುವ ಪ್ರಿ-ಕಾಲೇಜ್ ಕೋರ್ಸುಗಳು. ಎಷ್ಟು ಪರೀಕ್ಷೆ ಬರೆಸುತ್ತಾರೆ ಎಂಬುದೇ ಇವರ ಜಾಹೀರಾತು. ಯಾವ ಕಾಲೇಜಿನಲ್ಲಿ, ಯಾವ ಮೇಜರ್‌ನಲ್ಲಿ, ಎಷ್ಟು ಸೆಮಿಸ್ಟರ್ ಕಡಿಮೆಯಾಗುತ್ತದೆ ಎಂದು ಬರೆದುಕೊಡಿ ಎಂದರೆ ಮಾತು ಬದಲಾಗುತ್ತದೆ. ಬೇಸಿಗೆ ಕೋರ್ಸಿನಲ್ಲಿ ಕ್ರೆಡಿಟ್ ಸಿಕ್ಕರೂ ಇನ್ನೊಂದು ವಿಶ್ವವಿದ್ಯಾಲಯ ಅದನ್ನು ಒಪ್ಪಲೇಬೇಕೆಂದಿಲ್ಲ. ಎಪಿ ಪಾಠಗಳು ಖಾನ್ ಅಕಾಡೆಮಿಯಲ್ಲಿ ಬಿಟ್ಟಿ ಸಿಗುತ್ತವೆ, ಹಳೆಯ ಪ್ರಶ್ನೆಗಳನ್ನು ಕಾಲೇಜ್ ಬೋರ್ಡೇ ಪ್ರಕಟಿಸುತ್ತದೆ. ಇವೆರಡನ್ನೂ ಶ್ರದ್ಧೆಯಿಂದ ಮುಗಿಸದ ಮಗುವಿಗೆ ಪ್ಯಾಕೇಜು ಕೊಡಿಸಿ ಪ್ರಯೋಜನವಿಲ್ಲ, ಮುಗಿಸಿದ ಮಗುವಿಗೆ ಅದರ ಅಗತ್ಯವಿಲ್ಲ.

ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಬುನಾದಿ ಗಟ್ಟಿಯಾಗದೆ ಮುಂದಕ್ಕೆ ಜಿಗಿದವನು ಮುಂದಿನ ಕೋರ್ಸಿನಲ್ಲಿ ಮುಗ್ಗರಿಸುತ್ತಾನೆ ಎಂಬುದು ಮೊದಲನೆಯದು. ಇದು ನಿಜ, ಬಿಸಿಯಲ್ಲಿ 3 ಬಂದವನು ಕ್ಯಾಲ್ಕುಲಸ್ ಎರಡನ್ನು ಮತ್ತೆ ಓದಲಿ, 5 ಬಂದವನು ಮುಂದೆ ಹೋಗಲಿ. ಕ್ರೆಡಿಟ್ ಬಂತೆಂದು ಬಳಸಲೇಬೇಕೆಂಬ ಕಟ್ಟಳೆಯಿಲ್ಲ. ಮೂರು ವರ್ಷದಲ್ಲಿ ಮುಗಿಸಿದರೆ ಇಂಟರ್ನ್‌ಷಿಪ್ಪಿನ ಒಂದು ಬೇಸಿಗೆ ಕೈತಪ್ಪುತ್ತದೆ ಎಂಬುದು ಎರಡನೆಯದು. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಈ ಮಾತಿಗೆ ತೂಕವಿದೆ, ಏಕೆಂದರೆ ಕೊನೆಯ ಬೇಸಿಗೆಯ ಇಂಟರ್ನ್‌ಷಿಪ್ಪೇ ಅನೇಕರಿಗೆ ನೌಕರಿಯ ದಾರಿ. ಅವರಿಗೆ ಏಳು ಸೆಮಿಸ್ಟರಿನ ಯೋಜನೆ ಒಳ್ಳೆಯದು: ಮೂರು ಬೇಸಿಗೆಯೂ ಉಳಿಯುತ್ತದೆ, ಅರ್ಧ ವರ್ಷದ ಖರ್ಚೂ ಉಳಿಯುತ್ತದೆ. ವೈದ್ಯಕೀಯಕ್ಕೆ ಹೋಗುವವರ ವಿಷಯದಲ್ಲಿ ನಾನು ಇನ್ನೂ ಎಚ್ಚರ ಹೇಳುತ್ತೇನೆ. ವಿಜ್ಞಾನದ ಮೂಲ ಕೋರ್ಸುಗಳಿಗೆ ಎಪಿಯನ್ನು ಒಪ್ಪದ ಮೆಡಿಕಲ್ ಸ್ಕೂಲುಗಳು ಹಲವು. ಹದಿನಾರನೆಯ ವಯಸ್ಸಿನಲ್ಲಿ, ಶಾಲೆಯಲ್ಲಿದ್ದಾಗಲೇ ಕಾಲೇಜು ಕೋರ್ಸ್ ಓದುವ ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಬಂದ ಸಿ ಗ್ರೇಡ್ ಕೂಡ ಮುಂದೆ ಮೆಡಿಕಲ್ ಸ್ಕೂಲಿನ ಅರ್ಜಿಯ ಜಿಪಿಎಯಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ದಿನಗಳನ್ನು ಮೊಟಕು ಮಾಡುವುದು ಮಗುವಿಗೆ ಅನ್ಯಾಯವಲ್ಲವೇ ಎಂದು ಕೇಳುವವರಿಗೆ ಒಂದೇ ಉತ್ತರ: ಅಮೆರಿಕದಲ್ಲಿ ಪದವಿ ಮುಗಿಸುವವರ ಪ್ರಮಾಣವನ್ನು ಸಾಮಾನ್ಯವಾಗಿ ಅಳೆಯುವುದೇ ಆರು ವರ್ಷದ ಅವಧಿಗೆ. ಮೇಜರ್ ಬದಲಿಸಿದರೆ, ಒಂದು ಕೋರ್ಸ್ ಕೈಕೊಟ್ಟರೆ ಐದನೆಯ ವರ್ಷ ಸಹಜವಾಗಿ ಬಂದುಬಿಡುತ್ತದೆ. ಮೊದಲೇ ಗಳಿಸಿದ ಕ್ರೆಡಿಟ್ ಮೂರು ವರ್ಷಕ್ಕೆ ಇಳಿಸದಿದ್ದರೂ ಐದಕ್ಕೆ ಏರದಂತೆ ತಡೆಯುತ್ತದೆ.

ಎಚ್-1ಬಿ ನೌಕರರ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಈ ಲೆಕ್ಕ ಇನ್ನೂ ಬಿಗಿ. ಅವರಿಗೆ ಫೆಡರಲ್ ನೆರವಿಲ್ಲ, ಕೆಲಸ ಮಾಡಲು ಅನುಮತಿಯಿಲ್ಲ. 21 ತುಂಬಿದರೆ ಅವಲಂಬಿತರೆಂಬ ಸ್ಥಾನ ಮುಗಿಯುತ್ತದೆ, ಓದು ಮುಂದುವರಿಸಲು ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾಗಬೇಕು. ಹದಿನೆಂಟಕ್ಕೆ ಕಾಲೇಜು ಸೇರಿದ ಮಗುವಿಗೆ ಆ ಹುಟ್ಟುಹಬ್ಬ ಬರುವುದು ಪದವಿಯ ನಡುವೆಯೇ. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತಿರುವ ಕುಟುಂಬಗಳು ಒಂಬತ್ತನೆಯ ತರಗತಿಯಲ್ಲೇ ಈ ದಿನಾಂಕವನ್ನು ಮುಂದಿಟ್ಟುಕೊಂಡು ಯೋಜನೆ ಮಾಡಬೇಕು.

ಕೊನೆಗೆ ಅಭ್ಯಾಸದ ಮಾತು. ಫೀಸು ಎಷ್ಟು, ಸಾಲ ಎಷ್ಟು, ಅಪ್ಪ ಅಮ್ಮನ ಕೈಯಲ್ಲಿ ಉಳಿಯುವುದೆಷ್ಟು ಎಂಬುದನ್ನು ಮಕ್ಕಳ ಮುಂದೆ ಆಡಬಾರದೆಂಬ ಸಂಕೋಚ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆ ಸಂಕೋಚ ಬಿಡಬೇಕು. ಒಂದು ಸೆಮಿಸ್ಟರಿನ ಬೆಲೆ ತಿಳಿದ ಮಗು ಯಾವ ಪರೀಕ್ಷೆ ಏಕೆ ಬರೆಯುತ್ತಿದ್ದೇನೆ ಎಂದು ತಾನೇ ಯೋಚಿಸುತ್ತದೆ. ತಿಳಿಯದ ಮಗು ಗೆಳೆಯರು ಬರೆದರೆಂದು ತಾನೂ ಬರೆಯುತ್ತದೆ. ಕೂಟಗಳಲ್ಲಿ ಯಾರ ಮಗ ಎಷ್ಟು ಎಪಿ ಬರೆದ ಎಂದು ಹೋಲಿಸುವುದನ್ನೂ ನಿಲ್ಲಿಸಬೇಕು. ಹತ್ತನೆಯ ತರಗತಿಯಲ್ಲೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಜವಾಗಿ ಸೇರಬಹುದಾದ ನಾಲ್ಕೈದು ವಿಶ್ವವಿದ್ಯಾಲಯಗಳ ಕ್ರೆಡಿಟ್ ಕೋಷ್ಟಕ ಮತ್ತು ಬೇಕಾದ ಮೇಜರ್‌ನ ಸೆಮಿಸ್ಟರ್‌ವಾರು ಪಟ್ಟಿ ಎರಡನ್ನೂ ತೆರೆಯಿರಿ. ಯಾವ ಪರೀಕ್ಷೆ ಯಾವ ಕೋರ್ಸನ್ನು ಅಳಿಸುತ್ತದೆ ಎಂದು ಗುರುತು ಹಾಕಿ. ಯಾವುದನ್ನೂ ಅಳಿಸದ ಪರೀಕ್ಷೆಯನ್ನು ದುಡ್ಡು ಉಳಿಸುವ ಹೆಸರಿನಲ್ಲಿ ಬರೆಸಬೇಡಿ. ಮೇ 1ರಂದು ಡಿಪಾಸಿಟ್ ಕಟ್ಟುವ ಮುನ್ನ, ನಮ್ಮ ಮಗುವಿಗೆ ಎಷ್ಟು ಸೆಮಿಸ್ಟರ್ ಉಳಿಯುತ್ತದೆ ಎಂದು ವಿಭಾಗದ ಅಡ್ವೈಸರನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.